ಮರವಂತೆ: ಎಡಕ್ಕೆ ಕಡಲು, ಬಲಕ್ಕೆ ಹೊಳೆ, ಮಧ್ಯೆ ನಾವಿಬ್ರು

ನಮಸ್ಕಾರ ಎಲ್ರಿಗೂ. ಈಗ ಸ್ಕ್ರೀನ್ ಮೇಲೆ ನೋಡ್ತಿದ್ದೀರಲ್ಲ, ಇದು ನ್ಯಾಷನಲ್ ಹೈವೇ 66. ಎಡಗಡೆ ಅರಬ್ಬಿ ಸಮುದ್ರ, ಬಲಗಡೆ ಸೌಪರ್ಣಿಕಾ ನದಿ. ಡ್ರೋನ್ ಗೀನ್ ಏನಿಲ್ಲ, ಆಟೋದಲ್ಲಿ ಕೂತು ಫೋನ್ ಹಿಡಿದು ತೆಗೆದಿದ್ದು. ಅದಕ್ಕೇ ಈ ಅಲುಗಾಟ.

ಬೆಂಗಳೂರಿಂದ ಶುಕ್ರವಾರ ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ, ಬೆಳಗಾಗೋ ಹೊತ್ತಿಗೆ ಕುಂದಾಪುರದಲ್ಲಿ ಇಳಿದ್ವಿ. ಸ್ಟೇಷನ್ ಇರೋದು ಪೇಟೆಯಿಂದ ದೂರ, ಮೂಡ್ಲಕಟ್ಟೆಯಲ್ಲಿ. ಅಲ್ಲಿಂದ ಆಟೋ. ಹೆಮ್ಮಾಡಿ ದಾಟಿ ತ್ರಾಸಿ ಬರೋವರೆಗೂ ಸೇತುವೆ, ನೀರು, ತೆಂಗಿನ ತೋಟ. ತ್ರಾಸಿ ಬಂದ ಮೇಲೆ ಮಾತ್ರ ನನ್ನ ಗಂಡ ಫೋನಿಂದ ತಲೆ ಎತ್ತಿದ್ದು.

ರೆಸಾರ್ಟ್ ಬಗ್ಗೆ ಹೇಳಿಬಿಡ್ತೀನಿ. ರೂಮ್ ಚೆನ್ನಾಗಿದೆ, ಹಾಸಿಗೆ ಚೆನ್ನಾಗಿದೆ, ಪೂಲ್‌ನಲ್ಲಿ ಮಕ್ಕಳ ಗಲಾಟೆ. ಸೀ ವ್ಯೂ ರೂಮಿಗೆ ಜಾಸ್ತಿ ರೇಟು, ನಾವು ಹಿಂದುಗಡೆ ತೋಟದ ಕಡೆ ತಗೊಂಡ್ವಿ. ನನ್ನ ಕೇಳಿದ್ರೆ ನೀವೂ ಅದನ್ನೇ ಮಾಡಿ. ನಾಲ್ಕು ಹೆಜ್ಜೆ ಹಾಕಿದ್ರೆ ಸಮುದ್ರ, ಅದರ ಸದ್ದಂತೂ ಯಾವ ರೂಮಲ್ಲಿದ್ರೂ ರಾತ್ರಿಯಿಡೀ ಕೇಳತ್ತೆ. ಬಫೆಯಲ್ಲಿ ಪನ್ನೀರ್ ಬಟರ್ ಮಸಾಲ ಇಟ್ಟಿದ್ರು. ಕರಾವಳಿಗೆ ಬಂದು ಪನ್ನೀರಾ? ಮಧ್ಯಾಹ್ನ ಹೊರಗಡೆ ಹೋಗಿ ಕಾಣೆ ರವಾ ಫ್ರೈ, ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಹೊಡೆದ್ವಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರತ್ತೆ. ಮೀನಿಗೋಸ್ಕರ ಬರೋರು ನಮ್ಮ ಥರ ನವೆಂಬರ್‌ನಲ್ಲಿ ಬನ್ನಿ.

ಸಂಜೆ ಬೀಚು. ದಡದುದ್ದಕ್ಕೂ ಕಾಣೋ ಈ ದೊಡ್ಡ ಬಂಡೆಗಳು ಕಡಲ್ಕೊರೆತ ತಡೆಯೋಕೆ ಹಾಕಿರೋದು. ಅಲೆ ಇಲ್ಲಿ ಜೋರು. ಆಟೋ ಅಣ್ಣ ಬೆಳಿಗ್ಗೆನೇ ಹೇಳಿದ್ರು, "ಕಡ್ಲ್ ಕಾಣಿ, ಸಾಕ್. ಇಳುದ್ ಬ್ಯಾಡ ಮರ್ರೆ." ನಾವು ಪಾದ ಒದ್ದೆ ಮಾಡ್ಕೊಂಡು ಸುಮ್ಮನಾದ್ವಿ. ಆರು ಗಂಟೆ ಆಸುಪಾಸಿಗೆ ಸೂರ್ಯ ಮುಳುಗಿದ. ಆ ಶಾಟ್ ಉದ್ದ ಇದೆ, ಮ್ಯೂಸಿಕ್ ಹಾಕಿಲ್ಲ, ಹಾಗೇ ನೋಡಿ.

ಆದರೆ ನನಗೆ ತುಂಬ ಹಿಡಿಸಿದ್ದು ಮಾರನೇ ದಿನ ಬೆಳಿಗ್ಗೆ. ಹೈವೇ ದಾಟಿ ಆಚೆ ಹೋದ್ರೆ ಬೇರೆ ಲೋಕ. ನದಿ ಅಲ್ಲಾಡ್ತಾನೇ ಇಲ್ಲ. ಪೂರ್ವಕ್ಕೆ ಕೊಡಚಾದ್ರಿ ಕಡೆಯ ಬೆಟ್ಟಸಾಲು, ಅದರ ಹಿಂದಿಂದ ಬಿಸಿಲು. ನಿನ್ನೆ ಸಂಜೆ ಕಡಲಲ್ಲಿ ಮುಳುಗಿದವನು ಇವತ್ತು ಹೊಳೆ ಮೇಲೆ ಎದ್ದು ಬರ್ತಾನೆ, ಮಧ್ಯೆ ಬರೀ ಒಂದು ರಸ್ತೆ! ಈ ಸೌಪರ್ಣಿಕಾ ಕೊಲ್ಲೂರಿನ ಮೂಕಾಂಬಿಕೆ ಪಾದದ ಹತ್ತಿರ ಹರಿದು ಬರೋ ಅದೇ ನದಿ. ಅಷ್ಟು ದೂರದಿಂದ ಸಮುದ್ರದ ಮಗ್ಗುಲಿಗೇ ಬಂದು, ಇಲ್ಲಿ ಸೇರದೆ, ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿವರೆಗೂ ಹೋಗಿ ಬೇರೆ ಹೊಳೆಗಳ ಜೊತೆ ಕಡಲಿಗೆ ಬೀಳತ್ತೆ. "ನಿನ್ನ ಥರಾನೇ, ಹತ್ತಿರ ಇರೋದನ್ನ ಬಿಟ್ಟು ಸುತ್ತಾಕೊಂಡು ಹೋಗೋದು" ಅಂದ್ರು ಇವರು. ಗೂಗಲ್ ಮ್ಯಾಪ್ ಹಿಡ್ಕೊಂಡು ದಾರಿ ತಪ್ಪಿಸೋದು ಯಾರು ಅಂತ ನಮ್ಮ ಹಳೇ ವಿಡಿಯೋ ನೋಡಿದವರಿಗೆ ಗೊತ್ತು.

ನದಿ ಕಡೆ ಇರೋ ಈ ದೇವಸ್ಥಾನ ಮಹಾರಾಜಸ್ವಾಮಿ ವರಾಹ ದೇವಸ್ಥಾನ. ವರಾಹ, ವಿಷ್ಣು, ನರಸಿಂಹ ಮೂವರೂ ಒಂದೇ ಗರ್ಭಗುಡಿಯಲ್ಲಿ. ಮಳೆಗಾಲದಲ್ಲಿ ಕರ್ಕಾಟಕ ಅಮಾವಾಸ್ಯೆಗೆ ಇಲ್ಲಿ ಜಾತ್ರೆ. ಹೊಸದಾಗಿ ಮದುವೆಯಾದ ಜೋಡಿಗಳು ಬಂದು ಕಡಲು, ಹೊಳೆ ಎರಡರಲ್ಲೂ ಸ್ನಾನ ಮಾಡಿ ದೇವರ ದರ್ಶನ ಮಾಡ್ತಾರೆ. ಅಂದ್ರೆ ರೆಸಾರ್ಟು, ಕಪಲ್ ಪ್ಯಾಕೇಜು ಇವೆಲ್ಲ ಬರೋಕೆ ಎಷ್ಟೋ ಮುಂಚೆನೇ ಗಂಡ ಹೆಂಡತಿ ಜೋಡಿಯಾಗಿ ಬರ್ತಿದ್ದ ಜಾಗ ಇದು, ಅದೂ ಸುರಿಯೋ ಮಳೇಲಿ. ನಮ್ಮದು ಹೊಸ ಮದುವೆ ಏನಲ್ಲ. ಆದರೂ ಇವರಿಗೆ ಹೇಳಿಟ್ಟಿದ್ದೀನಿ, ಒಂದ್ಸಲ ಜಾತ್ರೆಗೆ ಬರೋಣ ಅಂತ. "ರಜಾ ಸಿಕ್ರೆ" ಅಂತ ಉತ್ತರ ಬಂತು.

ಚೆಕ್‌ಔಟ್ ಆಯ್ತು. ರಾತ್ರಿ ಟ್ರೈನ್ ಹತ್ತೋ ಮೊದಲು ಕುಂದಾಪುರ ಪೇಟೆಯಲ್ಲಿ ಕೋಳಿ ಸುಕ್ಕ, ನೀರ್‌ದೋಸೆ. ಅದರ ವಿಡಿಯೋ ಇಲ್ಲ. ಇಬ್ಬರ ಕೈಯಲ್ಲೂ ಮಸಾಲೆ, ಫೋನ್ ಮುಟ್ಟೋರು ಯಾರು?