ಹಿಮ ಕರಗಿದ ಮೇಲೆ ವಿಸ್ಲರ್‌ನಲ್ಲಿ ಸೈಕಲ್

ಎಲ್ಲರಿಗೂ ನಮಸ್ಕಾರ.

ಹಿಮದ ಮೇಲೆ ಬದುಕುವ ಊರು ಬೇಸಿಗೆಯಲ್ಲಿ ಏನು ಮಾಡಬೇಕು? ಚಳಿಗಾಲದಲ್ಲಿ ಸ್ಕೀ ಮಾಡಲು ಜನ ಬರುತ್ತಾರೆ, ಹೋಟೆಲ್ ತುಂಬುತ್ತದೆ. ಏಪ್ರಿಲ್ ದಾಟಿತು ಅಂದರೆ ಹಿಮ ಕರಗುತ್ತದೆ, ಲಿಫ್ಟ್‌ಗಳು ಸುಮ್ನೆ ನೇತಾಡುತ್ತಿರುತ್ತವೆ. ಬೆಟ್ಟ ಎಲ್ಲಿಗೂ ಹೋಗಿಲ್ಲ, ಇಳಿಜಾರೂ ಅಲ್ಲೇ ಇದೆ. ಜಾರಲು ಹಿಮ ಇಲ್ಲ, ಅಷ್ಟೇ. ಅದಕ್ಕೆ ಕೆನಡಾದ ವಿಸ್ಲರ್ ಎಂಬ ಊರು ಸೈಕಲ್ ಹಿಡಿಯಿತು. ಇವತ್ತು ಆ ಊರಿನ ಬಗ್ಗೆ, ಅಲ್ಲಿಯ ಮೌಂಟನ್ ಬೈಕಿಂಗ್ ಬಗ್ಗೆ ಮಾತಾಡುತ್ತೇನೆ. ಲಿಫ್ಟ್ ಬಗ್ಗೆ, ದುಬಾರಿ ಸೈಕಲ್ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಅವೆರಡಕ್ಕಿಂತ ಜಾಸ್ತಿ ಆಸಕ್ತಿ ಇರುವುದು ಅಲ್ಲಿಯ ದಾರಿಗಳಲ್ಲಿ, ಅಂದರೆ ಟ್ರೇಲ್‌ಗಳಲ್ಲಿ. ಅವುಗಳನ್ನು ಯಾರು ಮಾಡಿದರು, ಅವು ಯಾಕೆ ಕೊಚ್ಚಿ ಹೋಗುವುದಿಲ್ಲ ಅನ್ನುವುದು ಗೊತ್ತಾದರೆ ಆ ಊರು ಅರ್ಥವಾಗುತ್ತದೆ.

ಮೊದಲು ಜಾಗ ಎಲ್ಲಿದೆ ನೋಡೋಣ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ, ವ್ಯಾಂಕೂವರ್‌ನಿಂದ ಉತ್ತರಕ್ಕೆ ಸುಮಾರು 120 ಕಿ.ಮೀ. ಸೀ ಟು ಸ್ಕೈ ಅನ್ನುವ ಹೆದ್ದಾರಿ ಸಮುದ್ರದ ಪಕ್ಕದಲ್ಲೇ ಸ್ವಲ್ಪ ದೂರ ಹೋಗಿ ಆಮೇಲೆ ಬೆಟ್ಟ ಹತ್ತುತ್ತದೆ. ಊರು ಇರುವುದು 675 ಮೀಟರ್ ಎತ್ತರದಲ್ಲಿ. ಅದರ ತಲೆಯ ಮೇಲೇ ನಿಂತಿರುವ ವಿಸ್ಲರ್ ಶಿಖರ ಸುಮಾರು 2,180 ಮೀಟರ್. ಸ್ಕ್ವಾಮಿಶ್ ಮತ್ತು ಲಿಲ್‌ವಾಟ್ ಮೂಲನಿವಾಸಿಗಳ ನೆಲ ಇದು. ಕಾಯಂ ಜನ ಸುಮಾರು 14 ಸಾವಿರ ಮಾತ್ರ. 2010ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಸ್ಕೀ ಸ್ಪರ್ಧೆಗಳು ನಡೆದದ್ದು ಇಲ್ಲೇ.

ಇದು ಹುಟ್ಟಾ ಸ್ಕೀ ಊರು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. 1914ರಲ್ಲಿ ಇಲ್ಲಿಗೆ ರೈಲು ಬಂತು. ಅದೇ ಹೊತ್ತಿಗೆ ಮರ್ಟಲ್ ಮತ್ತು ಅಲೆಕ್ಸ್ ಫಿಲಿಪ್ ದಂಪತಿ ಆಲ್ಟಾ ಕೆರೆಯ ದಂಡೆಯಲ್ಲಿ ರೇನ್‌ಬೋ ಲಾಡ್ಜ್ ತೆರೆದರು. ವ್ಯಾಂಕೂವರ್ ಕಡೆಯ ಜನ ಬೇಸಿಗೆ ರಜೆಗೆ ಬಂದು ಮೀನು ಹಿಡಿದು, ಕುದುರೆ ಸವಾರಿ ಮಾಡಿ ಹೋಗುತ್ತಿದ್ದರು. ಸ್ಕೀ ಲಿಫ್ಟ್‌ಗಳು ಶುರುವಾದದ್ದು 1966ರಲ್ಲಿ, ಅಂದರೆ ಅರ್ಧ ಶತಮಾನ ಕಳೆದ ಮೇಲೆ. ಹಾಗೆ ನೋಡಿದರೆ ಬೇಸಿಗೆಯೇ ಅಲ್ಲಿಯ ಹಿರಿಯಕ್ಕ, ನಡುವೆ ಬಂದ ಚಳಿಗಾಲ ಮನೆಯ ಯಜಮಾನಿಕೆ ತಗೊಂಡಿತು. 1999ರಲ್ಲಿ ಈಗಿನ ಬೈಕ್ ಪಾರ್ಕ್ ಶುರುವಾದಾಗ ಬೇಸಿಗೆಗೆ ಅದರ ಪಾಲು ವಾಪಸ್ ಸಿಕ್ಕಿತು.

ಬೈಕ್ ಪಾರ್ಕ್ ಅಂದರೆ ಏನು? ಚಳಿಗಾಲದಲ್ಲಿ ಸ್ಕೀ ಮಾಡುವವರನ್ನು ಹೊತ್ತೊಯ್ಯುವ ಅದೇ ಲಿಫ್ಟ್ ಬೇಸಿಗೆಯಲ್ಲಿ ಸೈಕಲನ್ನೂ ಹೊತ್ತೊಯ್ಯುತ್ತದೆ. ನೀವು ಚೇರ್‌ನಲ್ಲಿ ಕೂತು ಮೇಲೆ ಹೋಗುತ್ತೀರಿ, ಸೈಕಲ್ ಬೇರೆ ಸ್ಟ್ಯಾಂಡ್‌ನಲ್ಲಿ ಸಿಕ್ಕಿಸಿಕೊಂಡು ಬರುತ್ತದೆ. ಮೇಲೆ ಇಳಿದು, ಸೈಕಲ್ ಎತ್ತಿಕೊಂಡು, ಟ್ರೇಲ್ ಆರಿಸಿಕೊಂಡು ಇಳಿಯುವುದು. ಮತ್ತೆ ಸಾಲಿನಲ್ಲಿ ನಿಲ್ಲುವುದು. 70ಕ್ಕೂ ಹೆಚ್ಚು ಟ್ರೇಲ್‌ಗಳಿವೆ. ಅವುಗಳ ಗುರುತುಗಳೂ ಸ್ಕೀಯಿಂದಲೇ ಬಂದವು: ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ, ಎರಡು ಕಪ್ಪು ವಜ್ರ ಇದ್ದರೆ ನಿಮಗೆ ಗೊತ್ತಿರಬೇಕು ನೀವೇನು ಮಾಡುತ್ತಿದ್ದೀರಿ ಅಂತ. ಒಂದು ಮಾತು ನೆನಪಿಡಿ. ಬೇರೆ ಕಡೆಯ ನೀಲಿ ಸಲೀಸಾಗಿ ಓಡಿಸಿದವರಿಗೂ ಇಲ್ಲಿಯ ನೀಲಿ ಬೆವರಿಳಿಸಬಹುದು.

ಈಗ ಒಂದು ತಪ್ಪು ತಿಳಿವಳಿಕೆ. ಪೆಡಲ್ ತುಳಿಯೋದೇ ಇಲ್ಲ, ಬರೀ ಇಳಿಯೋದು, ಅದರಲ್ಲೇನು ಕಷ್ಟ ಅಂತ ಕೇಳುವವರು ಇದ್ದಾರೆ. ಒಂದು ಲೆಕ್ಕ ಹಾಕೋಣ. ಶಿಖರದಿಂದ ಊರಿನವರೆಗೆ ಸುಮಾರು 1,500 ಮೀಟರ್ ಇಳಿಕೆ. ಸವಾರ, ಸೈಕಲ್, ಹೆಲ್ಮೆಟ್ ಎಲ್ಲ ಸೇರಿ 90 ಕೆ.ಜಿ. ಅಂತಿಟ್ಟುಕೊಳ್ಳಿ. ಅಷ್ಟು ತೂಕ ಅಷ್ಟು ಎತ್ತರದಿಂದ ಕೆಳಗೆ ಬಂದು ನಿಲ್ಲಬೇಕಾದರೆ ಸುಮಾರು 13 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಖರ್ಚಾಗಬೇಕು. 4 ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಬೇಕಾಗುವಷ್ಟು ಶಾಖ ಅದು. ಅದರಲ್ಲಿ ಒಂದಷ್ಟು ಗಾಳಿಗೆ, ಟೈರಿಗೆ, ಸಸ್ಪೆನ್ಷನ್‌ಗೆ ಹೋಗುತ್ತದೆ. ಉಳಿದದ್ದೆಲ್ಲ ಬ್ರೇಕ್‌ನ ಎರಡು ತೆಳು ಉಕ್ಕಿನ ಡಿಸ್ಕ್‌ಗಳ ಮೇಲೆ. ಅದಕ್ಕೇ ಇಳಿಯುವ ಸೈಕಲ್‌ಗಳಿಗೆ 200 ಮಿ.ಮೀ. ಆಸುಪಾಸಿನ ಡಿಸ್ಕ್, ಹೈಡ್ರಾಲಿಕ್ ಬ್ರೇಕ್ ಹಾಕಿರುತ್ತಾರೆ. ಚೂಪಾದ ತಿರುವಿನ ಕೊನೆಯಲ್ಲಿ ನಿಂತರೆ ಸುಟ್ಟ ಪ್ಯಾಡಿನ ವಾಸನೆ ಮೂಗಿಗೆ ಬರುತ್ತದೆ.

ಈ ಶಾಖದ ತಲೆನೋವು ಈ ಆಟದಷ್ಟೇ ಹಳೆಯದು. 1976ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಒಂದಷ್ಟು ಗೆಳೆಯರು ಹಳೆಯ ದಪ್ಪ ಟೈರಿನ ಸೈಕಲ್‌ಗಳಲ್ಲಿ ಬೆಟ್ಟ ಇಳಿಯುವ ಪಂದ್ಯ ಶುರು ಮಾಡಿದರು. ಅದೇ ರೀಪ್ಯಾಕ್ ರೇಸ್. ಸುಮಾರು 3 ಕಿ.ಮೀ. ದೂರದಲ್ಲಿ 400 ಮೀಟರ್ ಇಳಿಕೆ. ಆ ಸೈಕಲ್‌ಗಳಿಗೆ ಇದ್ದದ್ದು ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕ್. ಕೆಳಗೆ ಬರುವಷ್ಟರಲ್ಲಿ ಚಕ್ರದ ನಡುವಿನ ಹಬ್ ಒಳಗಿನ ಗ್ರೀಸ್ ಹೊಗೆಯಾಗಿ ಹೋಗಿರುತ್ತಿತ್ತು. ಬಿಚ್ಚಿ, ಹೊಸ ಗ್ರೀಸ್ ತುಂಬಿ, ಮತ್ತೆ ಹತ್ತಬೇಕು. ಗ್ಯಾರಿ ಫಿಶರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ, ಟಾಮ್ ರಿಚಿ, ಇವರೆಲ್ಲ ಆ ಗುಂಪಿನ ಆಸುಪಾಸಿನವರು. 1977ರಲ್ಲಿ ಜೋ ಬ್ರೀಜ್ ಇದಕ್ಕೆಂದೇ ಹೊಸ ಫ್ರೇಮ್ ಕಟ್ಟಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮೌಂಟನ್ ಬೈಕಿಂಗ್ ಸೇರಿತು. ಗ್ರೀಸ್ ಹೊಗೆಯಾದಲ್ಲಿಂದ ಅಲ್ಲಿಯವರೆಗೆ ಬರೀ 20 ವರ್ಷ.

ಹಾಗಾದರೆ ಬ್ರೇಕ್ ಹಿಡಿಯೋದು ಹೇಗೆ? ಹೊಸಬರು ಭಯಕ್ಕೆ ಇಡೀ ಇಳಿಜಾರಿನಲ್ಲಿ ಬ್ರೇಕ್ ಎಳೆದುಕೊಂಡೇ ಬರುತ್ತಾರೆ. ಡಿಸ್ಕ್ ತಣ್ಣಗಾಗಲು ಬಿಡುವೇ ಸಿಗುವುದಿಲ್ಲ. ಕೈ ಮರಗಟ್ಟುತ್ತದೆ, ಮುಂಗೈ ಕಲ್ಲಾಗುತ್ತದೆ, ಕೊನೆಗೆ ಬೇಕಾದಾಗಲೇ ಬೆರಳು ಮಾತು ಕೇಳುವುದಿಲ್ಲ. ಬ್ರೇಕ್ ಹಿಡಿಯಬೇಕಾದ್ದು ತಿರುವಿಗೆ ಮುಂಚೆ, ನೇರ ದಾರಿಯಲ್ಲಿ, ಗಟ್ಟಿಯಾಗಿ, ಸ್ವಲ್ಪ ಹೊತ್ತು. ಆಮೇಲೆ ಪೂರ್ತಿ ಬಿಡಬೇಕು. ಒಂದು ಬೆರಳು ಸಾಕು, ಉಳಿದ ಬೆರಳು ಹ್ಯಾಂಡಲ್ ಹಿಡಿದಿರಲಿ. ಸೀಟಿನ ಮೇಲೆ ಕೂರಬೇಡಿ. ಎರಡೂ ಪೆಡಲ್ ಒಂದೇ ಮಟ್ಟದಲ್ಲಿ, ಹಿಮ್ಮಡಿ ಸ್ವಲ್ಪ ಕೆಳಗೆ, ಮೊಣಕೈ ಸಡಿಲ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವಿನ ಆಚೆಗೆ. ಕಲ್ಲನ್ನೇ ನೋಡುತ್ತಿದ್ದರೆ ಕಲ್ಲಿಗೇ ಹೋಗಿ ಹೊಡೆಯುತ್ತೀರಿ.

ತಡವಾಗಿ ಬ್ರೇಕ್ ಹಿಡಿದರೆ ಪೆಟ್ಟು ಬೀಳುವುದು ಸವಾರನಿಗೆ ಮಾತ್ರ ಅಲ್ಲ, ದಾರಿಗೂ. ತಿರುವಿನ ಹೊರಬದಿಯಲ್ಲಿ ಮಣ್ಣನ್ನು ಗೋಡೆಯಂತೆ ಎತ್ತರಿಸಿರುತ್ತಾರೆ, ಅದಕ್ಕೆ ಬರ್ಮ್ ಅಂತಾರೆ. ಅದರ ಬಾಯಲ್ಲಿ ಎಲ್ಲರೂ ಒಂದೇ ಜಾಗದಲ್ಲಿ ಬ್ರೇಕ್ ಒತ್ತುತ್ತಾರೆ. ಒಂದು ಚಕ್ರ ಮಣ್ಣನ್ನು ಕೊಂಚ ಕೆದರುತ್ತದೆ. ಹಿಂದೆ ಬಂದವನ ಚಕ್ರ ಆ ಗುಳಿಯಲ್ಲಿ ಇಳಿದು ಹಾರುತ್ತದೆ, ಹಾರಿ ಬಿದ್ದಲ್ಲಿ ಇನ್ನೊಂದು ಗುಳಿ. ನೋಡ್ತಾ ನೋಡ್ತಾ ದಾರಿ ತುಂಬ ಅಲೆಅಲೆಯಾಗಿ ಉಬ್ಬು ಎದ್ದುಬಿಡುತ್ತದೆ. ಬೇಸಿಗೆ ನಡುವೆ ಮಣ್ಣು ಒಣಗಿ ಪುಡಿಯಾದಾಗ ಇದು ಇನ್ನೂ ಬೇಗ. ಟ್ರೇಲ್ ಕೆಲಸದವರು ಆ ಉಬ್ಬನ್ನು ಅಗೆದು, ತೇವದ ಮಣ್ಣು ಹಾಕಿ, ಸಲಿಕೆಯ ಬೆನ್ನಿನಿಂದ ತಟ್ಟಿ ಗಟ್ಟಿ ಮಾಡುತ್ತಾರೆ. ಮತ್ತೆ ಜನ ಬಂದು ಕೆಡಿಸುತ್ತಾರೆ. ಏ-ಲೈನ್ ಅನ್ನುವ ಹೆಸರಾಂತ ಟ್ರೇಲ್‌ನ ಉದ್ದಕ್ಕೂ ಮಣ್ಣಿನ ದಿಬ್ಬಗಳು, ಒಂದರಿಂದ ಇನ್ನೊಂದಕ್ಕೆ ಹಾರಿಕೊಂಡೇ ಇಳಿಯಬಹುದು. ಬೇರೆ ದೇಶಗಳ ಪಾರ್ಕ್‌ಗಳೂ ಇಂಥದ್ದನ್ನು ಮಾಡಿಕೊಂಡವು. ಆದರೆ ದಿಬ್ಬದ ಅಂಚು ಒಂದು ಗೇಣು ಸವೆದರೂ ಹಾರಾಟದ ಲೆಕ್ಕ ತಪ್ಪುತ್ತದೆ. ಮಾಡುವುದಕ್ಕಿಂತ ಅದನ್ನು ಹಾಗೇ ಇಟ್ಟುಕೊಳ್ಳುವುದೇ ದೊಡ್ಡ ಕೆಲಸ.

ಇನ್ನು ದಾರಿಯ ನಿಜವಾದ ಶತ್ರು ಯಾರು? ಚಕ್ರ ಅಲ್ಲ, ನೀರು. ಬೆಟ್ಟದಲ್ಲಿ ನೇರ ಕೆಳಕ್ಕೆ ದಾರಿ ಕಡಿದರೆ ಮೊದಲ ಜೋರು ಮಳೆಗೆ ಅದು ಕಾಲುವೆ ಆಗುತ್ತದೆ. ಮಣ್ಣು ಹೋಗಿ ಬರೀ ಬೇರು, ಕಲ್ಲು ಉಳಿಯುತ್ತದೆ. ಅದಕ್ಕೇ ತಿಳಿದವರು ಬೆಟ್ಟದ ಪಕ್ಕೆಗೆ ಅಡ್ಡಡ್ಡ ದಾರಿ ಕೊರೆಯುತ್ತಾರೆ. ದಾರಿಯ ಸರಾಸರಿ ಇಳಿಜಾರು ಶೇ. 10ರ ಒಳಗಿರಲಿ ಅನ್ನುವುದು ಒಂದು ಸೂತ್ರ. ಬೆಟ್ಟದ ಪಕ್ಕೆಯ ಇಳಿಜಾರಿನ ಅರ್ಧಕ್ಕಿಂತ ದಾರಿಯ ಇಳಿಜಾರು ಜಾಸ್ತಿ ಆಗಬಾರದು ಅನ್ನುವುದು ಇನ್ನೊಂದು. ದಾರಿಯ ಹೊರ ಅಂಚು ತುಸು ಕೆಳಗೆ ವಾಲಿರಬೇಕು, ನೀರು ಅಡ್ಡ ಹರಿದು ಹೋಗುವ ಹಾಗೆ. ನಡುನಡುವೆ ದಾರಿ ಒಂದಿಷ್ಟು ಏರಿ ಮತ್ತೆ ಇಳಿಯಬೇಕು. ಸವಾರನಿಗೆ ಅದು ಮಜಾ ಕೊಡುವ ತೊಟ್ಟಿಲಾಟ, ನೀರಿಗೆ ಅಲ್ಲಿಂದ ಆಚೆಗೆ ದಾರಿ ಬಂದ್. ಇಲ್ಲಿಯ ದಾರಿ ಕಟ್ಟುವವರ ಜಾಣ್ಮೆ ನನಗೆ ಎದ್ದು ಕಾಣುವುದು ಇಂಥ ಕಡೆ.

ಲಿಫ್ಟ್ ಇರುವ ಪಾರ್ಕ್‌ನ ದಾರಿಗಳನ್ನು ಸಂಬಳದ ಜನ ನೋಡಿಕೊಳ್ಳುತ್ತಾರೆ. ಆದರೆ ಕಣಿವೆಯ ಉಳಿದ ಕಾಡಿನಲ್ಲಿ ಹರಡಿಕೊಂಡಿರುವ ಟ್ರೇಲ್‌ಗಳಲ್ಲಿ ಎಷ್ಟೋ ಊರವರೇ ಸಲಿಕೆ ಹಿಡಿದು ಮಾಡಿದವು. ಇದನ್ನೆಲ್ಲ ನೋಡಿಕೊಳ್ಳಲು 1989ರಲ್ಲಿ ವಿಸ್ಲರ್ ಆಫ್-ರೋಡ್ ಸೈಕ್ಲಿಂಗ್ ಅಸೋಸಿಯೇಷನ್ ಹುಟ್ಟಿತು. ಚಿಕ್ಕದಾಗಿ ವೋರ್ಕಾ ಅಂತಾರೆ. ಬೈಕ್ ಪಾರ್ಕ್‌ಗಿಂತ 10 ವರ್ಷ ಹಿರಿಯ, ಗಮನಿಸಿ. ಬೇಸಿಗೆಯಲ್ಲಿ ವಾರಕ್ಕೊಂದು ಪಂದ್ಯ ನಡೆಸುತ್ತಾರೆ. ಹಿಂದೆ ಒಂದು ಡಾಲರ್ ಕೊಟ್ಟರೆ ಸೇರಿಸಿಕೊಳ್ಳುತ್ತಿದ್ದರು, ಆ ನಾಣ್ಯಕ್ಕೆ ಅಲ್ಲಿ ಲೂನಿ ಅನ್ನುವುದರಿಂದ ಲೂನಿ ರೇಸ್ ಅಂತಿದ್ದರು. ಕೆನಡಾಗೆ ಟೂನಿ ಅನ್ನುವ ಎರಡು ಡಾಲರ್ ನಾಣ್ಯ ಬಂದ ಮೇಲೆ ಅದು ಟೂನಿ ರೇಸ್ ಆಯಿತು. ಮಕ್ಕಳು, ಮುದುಕರು, ಪಳಗಿದ ರೇಸರ್‌ಗಳು ಎಲ್ಲ ಒಂದೇ ಗುಂಪಿನಲ್ಲಿ. ಮುಗಿದ ಮೇಲೆ ಊಟ.

ಇದಕ್ಕೆ ಹೋಲಿಸಿದರೆ ಕ್ರಾಂಕ್‌ವರ್ಕ್ಸ್ ಅನ್ನುವ ಸೈಕಲ್ ಹಬ್ಬ ದೊಡ್ಡ ಜಾತ್ರೆ. 2004ರಿಂದ ನಡೆಯುತ್ತಿದೆ. ಆಕಾಶದಲ್ಲಿ ಪಲ್ಟಿ ಹೊಡೆಯುವವರನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ನೋಡಲು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ನೀವು ಸೈಕಲ್ ಓಡಿಸಲು ಹೋಗುವುದಾದರೆ ಅದು ನಡೆಯುವ ದಿನಗಳನ್ನು ಬಿಟ್ಟು ಹೋಗಿ. ಲಿಫ್ಟ್ ಸಾಲಿನಲ್ಲೇ ದಿನ ಕಳೆದುಹೋಗುತ್ತದೆ.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಮೊದಲ ದಿನ ಲಿಫ್ಟ್ ಹತ್ತಬೇಡಿ. ಊರಿನೊಳಗೆ ವ್ಯಾಲಿ ಟ್ರೇಲ್ ಅಂತ ಇದೆ. 40 ಕಿ.ಮೀ.ಗೂ ಜಾಸ್ತಿ ಉದ್ದದ ಡಾಂಬರು ಹಾದಿ, ಕಾರಿಗೆ ಪ್ರವೇಶ ಇಲ್ಲ. ಆಲ್ಟಾ, ಗ್ರೀನ್, ಲಾಸ್ಟ್ ಲೇಕ್, ಹೀಗೆ ಕೆರೆಯಿಂದ ಕೆರೆಗೆ ಹೋಗಬಹುದು. ಅಲ್ಲಿಯ ಜನ ಕೆಲಸಕ್ಕೆ, ಸಾಮಾನು ತರಲು ಓಡಾಡುವುದೂ ಇದರಲ್ಲೇ. ಕಾಲು ಪಳಗಿದ ಮೇಲೆ ಲಾಸ್ಟ್ ಲೇಕ್ ಸುತ್ತಲಿನ ಮಣ್ಣಿನ ದಾರಿಗೆ ಹೋಗಿ. ಬೇರು ಹಾಯುವುದು, ಸಣ್ಣ ಮರದ ಸೇತುವೆ ದಾಟುವುದು ಅಲ್ಲಿ ಕಡಿಮೆ ವೇಗದಲ್ಲಿ ರೂಢಿಯಾಗುತ್ತದೆ. ಆಮೇಲೆ ಪಾರ್ಕ್‌ನ ಹಸಿರು ಟ್ರೇಲ್. ಬಾಡಿಗೆಗೆ ಸೈಕಲ್ ತಗೊಂಡರೆ ಅದರ ಜತೆ ಮುಖ ಮುಚ್ಚುವ ಹೆಲ್ಮೆಟ್, ಮೊಣಕಾಲು-ಮೊಣಕೈ ಪ್ಯಾಡ್ ಕೇಳಿ ತಗೊಳ್ಳಿ. ಹೆಲ್ಮೆಟ್ ಹಾಕದೆ ಪಾರ್ಕ್‌ಗೆ ಬಿಡುವುದಿಲ್ಲ. ಪ್ರಾಂತ್ಯದ ರಸ್ತೆಗಳಲ್ಲೂ 1996ರಿಂದ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ.

ತುಳಿಯುವ ತಾಕತ್ತು ಇರುವವರಿಗೆ ಕಂಫರ್ಟಬ್ಲಿ ನಂಬ್ ಅನ್ನುವ ಉದ್ದದ ಕಾಡು ಟ್ರೇಲ್ ಇದೆ. ಸ್ಪ್ರೋಟ್ ಬೆಟ್ಟದ ಮೇಲೆ ಲಾರ್ಡ್ ಆಫ್ ದಿ ಸ್ಕ್ವಿರಲ್ಸ್ ಇದೆ. ಇವಕ್ಕೆ ಲಿಫ್ಟ್ ಇಲ್ಲ, ಹತ್ತಿದಷ್ಟೇ ಇಳಿಕೆ. ಡಾಂಬರು ರಸ್ತೆಯವರಿಗೂ ನಿರಾಸೆ ಬೇಡ. 2010ರಲ್ಲಿ ಶುರುವಾದ ಗ್ರಾನ್‌ಫೊಂಡೊ ಸೈಕಲ್ ಯಾತ್ರೆಯಲ್ಲಿ ಸೆಪ್ಟೆಂಬರ್‌ನಲ್ಲಿ ಸಾವಿರಾರು ಜನ ವ್ಯಾಂಕೂವರ್‌ನಿಂದ ವಿಸ್ಲರ್‌ವರೆಗೆ 122 ಕಿ.ಮೀ. ತುಳಿಯುತ್ತಾರೆ.

ಯಾವಾಗ ಹೋಗಬೇಕು? ಪಾರ್ಕ್ ಸಾಮಾನ್ಯವಾಗಿ ಮೇ ನಡುವಿನಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತದೆ. ಆದರೆ ಊರಲ್ಲಿ ಬಿಸಿಲಿದ್ದರೂ ಶಿಖರದಲ್ಲಿ ಜೂನ್‌ನಲ್ಲೂ ಹಿಮ ಇರುತ್ತದೆ. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ತಂಪು, ಹಾಗಾಗಿ ಮೇಲೆ ಹೋಗುವಾಗ ಜಾಕೆಟ್ ಬಿಡಬೇಡಿ. ಆಗಸ್ಟ್‌ನಲ್ಲಿ ಧೂಳು. ಇತ್ತೀಚಿನ ವರ್ಷಗಳಲ್ಲಿ ಕಾಡ್ಗಿಚ್ಚಿನ ಹೊಗೆಯೂ ಬಂದು ಕಣಿವೆ ಮುಚ್ಚುತ್ತದೆ. ಅಂಥ ದಿನ ಉಸಿರು ಎಳೆದು ತುಳಿಯುವ ಹಟ ಬೇಡ. ನನ್ನ ಪ್ರಕಾರ ಸೆಪ್ಟೆಂಬರ್ ಚೆನ್ನ. ಮೊದಲ ಮಳೆ ಬಿದ್ದು ಮಣ್ಣು ಕಚ್ಚಿಕೊಂಡಿರುತ್ತದೆ, ಜನವೂ ಕಡಿಮೆ.

ಕೊನೆಗೆ ಕರಡಿ. ನಗಬೇಡಿ, ಇದು ತಮಾಷೆ ಅಲ್ಲ. ಸ್ಕೀ ಇಳಿಜಾರಿಗಾಗಿ ಮರ ಕಡಿದ ಜಾಗದಲ್ಲಿ ಬೇಸಿಗೆಯಲ್ಲಿ ಹುಲ್ಲು, ಕ್ಲೋವರ್, ಕಾಡುಹಣ್ಣು ಬೆಳೆಯುತ್ತವೆ. ಕಪ್ಪು ಕರಡಿಗಳಿಗೆ ಅದು ಇಷ್ಟ. ಲಿಫ್ಟ್‌ನಲ್ಲಿ ಕೂತವರಿಗೆ ಕೆಳಗೆ ಮೇಯುವ ಕರಡಿ ಕಾಣುವುದು ಅಲ್ಲಿ ಅಪರೂಪವೇನಲ್ಲ. ಟ್ರೇಲ್‌ನಲ್ಲಿ ಎದುರಾದರೆ ನಿಲ್ಲಿ. ಓಡಬೇಡಿ, ಅಟ್ಟಿಸಿಕೊಂಡು ಹೋಗಬೇಡಿ, ಫೋಟೋಗೆ ಹತ್ತಿರ ಹೋಗಬೇಡಿ. ಸಮಾಧಾನದಿಂದ ಮಾತಾಡುತ್ತಾ, ಮುಖ ಅದರ ಕಡೆ ಇಟ್ಟುಕೊಂಡೇ ಹಿಂದೆ ಸರಿಯಿರಿ. ಕುರುಡು ತಿರುವುಗಳಲ್ಲಿ ಕೂಗು ಹಾಕಿಕೊಂಡು ಬನ್ನಿ, ಸೈಕಲ್ ಸದ್ದಿಲ್ಲದೆ ಬರುವುದರಿಂದ ಅದಕ್ಕೆ ದಿಗಿಲಾಗುತ್ತದೆ. ತಿಂಡಿ ಪೊಟ್ಟಣ ಎಲ್ಲೂ ಬಿಡಬೇಡಿ, ಮನುಷ್ಯರ ತಿಂಡಿಯ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರಬಹುದು. ಕರಡಿ ಇದೆ ಅಂತ ಟ್ರೇಲ್ ಮುಚ್ಚಿದ್ದರೆ ಪಕ್ಕದಿಂದ ನುಸುಳಬೇಡಿ, ಬೇರೆ ಟ್ರೇಲ್‌ಗೆ ಹೋಗಿ.

ನನ್ನ ಮಾತು ಇಷ್ಟೇ. ಸೈಕಲ್ ಆಯ್ಕೆ ಬಗ್ಗೆ ಕೇಳುವವರು ಜಾಸ್ತಿ ಇದ್ದಾರೆ ಅಂತ ಕಾಣುತ್ತದೆ, ಅಲ್ಲಿಂದಲೇ ಪ್ರಶ್ನೆ ಶುರು ಮಾಡೋಣ.