ಪೋರ್ಟ್ ಕೊರೆಯಬೇಡಿ, ಸೀಟ್ ಸರಿ ಮಾಡಿಸಿ

ನಮಸ್ಕಾರ. ಇವತ್ತು ಒಂದೇ ವಿಷಯ ಹಿಡಿದು ವಾದಿಸುತ್ತೇನೆ. ಕೈಯಲ್ಲಿ ಹೆಚ್ಚು ಹಣವಿಲ್ಲದೆ ಹಳೆಯ ಪಿಕಪ್ ಟ್ರಕ್ಕಿನ ಎಂಜಿನ್ ಕಟ್ಟುವವರು ಕಂಪನಿಯ ಹೆಡ್ಡನ್ನೇ, ಅಂದರೆ ಸಿಲಿಂಡರುಗಳ ಮೇಲೆ ಕೂತು ವಾಲ್ವ್‌ಗಳನ್ನು ಹಿಡಿಯುವ ಎರಕದ ಮುಚ್ಚಳವನ್ನೇ, ಬಳಸಲಿ. ಆದರೆ ಅದರ ಪೋರ್ಟ್‌ಗಳನ್ನು, ಅಂದರೆ ಗಾಳಿ ಮತ್ತು ಹೊಗೆ ಸಾಗುವ ದಾರಿಗಳನ್ನು, ಅಗಲ ಮಾಡುವ ಗೋಜಿಗೆ ಹೋಗದೆ, ಇರುವ ಹಣವನ್ನು ವಾಲ್ವ್ ಕೂರುವ ಜಾಗಕ್ಕೆ, ಅಂದರೆ ಸೀಟಿಗೆ, ಹಾಕಲಿ.

ನಾನು ಮಾತನಾಡುತ್ತಿರುವುದು ಅಮೆರಿಕದ ಶೆವರ್ಲೆ 350 ಎಂಜಿನ್ ಬಗ್ಗೆ. 1955ರಲ್ಲಿ 265 ಘನ ಇಂಚಿನ ವಿ8 ಆಗಿ ಶುರುವಾದ ಸ್ಮಾಲ್ ಬ್ಲಾಕ್ ವಂಶದ್ದು ಇದು. 350 ಘನ ಇಂಚಿನ ರೂಪ, ಅಂದರೆ 5.7 ಲೀಟರ್, 1967ರಲ್ಲಿ ಬಂತು. ಆಮೇಲೆ ದಶಕಗಳ ಕಾಲ ಅಮೆರಿಕದ ಹೊಲ, ಗಣಿ, ಕಟ್ಟಡದ ಕೆಲಸಗಳೆಲ್ಲ ಈ ಎಂಜಿನ್ನಿನ ಹೆಗಲ ಮೇಲೆ ನಡೆದವು. ಬಿಡಿಭಾಗ ಎಲ್ಲೆಡೆ ಸಿಗುತ್ತದೆ, ಅಗ್ಗವಾಗಿಯೂ ಸಿಗುತ್ತದೆ. ಅಲ್ಲಿ ನೆಲೆಸಿ, ಹಳೆಯ ಪಿಕಪ್ ಕೊಂಡು, ಶನಿವಾರ ಭಾನುವಾರ ಗ್ಯಾರೇಜಿನಲ್ಲಿ ಕಳೆಯುವ ಕನ್ನಡಿಗರಿಗೂ, ಇಲ್ಲಿಂದಲೇ ಎಂಜಿನ್ ವಿದ್ಯೆ ತಿಳಿಯಬಯಸುವವರಿಗೂ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮೊದಲು ಟ್ರಕ್ಕಿನ ಕೆಲಸ ಏನೆಂದು ಒಪ್ಪಿಕೊಳ್ಳೋಣ. ಟ್ರೇಲರ್ ಎಳೆಯುವ, ಏರು ಹತ್ತುವ ಗಾಡಿ ತನ್ನ ಆಯುಷ್ಯದ ಬಹುಪಾಲನ್ನು 1500ರಿಂದ 3500 ಆರ್‌ಪಿಎಂ ನಡುವೆ ಕಳೆಯುತ್ತದೆ. 6000 ಆರ್‌ಪಿಎಂನಲ್ಲಿ ಬರುವ ಶಕ್ತಿ ಅದಕ್ಕೆ ಬೇಕಾಗಿಲ್ಲ. ಕೆಳಗಿನ ಆ ವೇಗದಲ್ಲಿ ಸಿಲಿಂಡರನ್ನು ತುಂಬಿಸುವುದು ಪೋರ್ಟಿನ ಅಗಲವಲ್ಲ, ಪೋರ್ಟಿನೊಳಗೆ ಗಾಳಿ ಸಾಗುವ ವೇಗ. ಓಡುತ್ತಿರುವ ಗಾಳಿಗೆ ತೂಕವಿದೆ, ಆ ತೂಕಕ್ಕೆ ರಭಸವಿದೆ. ಪಿಸ್ಟನ್ ಕೆಳಗೆ ತಲುಪಿ ಮತ್ತೆ ಮೇಲೇರಲು ತೊಡಗಿದ ಮೇಲೂ, ವಾಲ್ವ್ ಪೂರ್ತಿ ಮುಚ್ಚುವವರೆಗೆ ಆ ರಭಸವೇ ಗಾಳಿಯನ್ನು ಒಳಗೆ ತಳ್ಳುತ್ತಿರುತ್ತದೆ. ಪೋರ್ಟ್ ದೊಡ್ಡದಾದಷ್ಟೂ ಗಾಳಿ ನಿಧಾನವಾಗುತ್ತದೆ, ರಭಸ ಕುಗ್ಗುತ್ತದೆ. ಕಾರ್ಬ್ಯುರೇಟರ್ ಅಥವಾ ಥ್ರಾಟಲ್ ಬಾಡಿ ಇಂಜೆಕ್ಷನ್ ಇರುವ, ಅಂದರೆ ಪೋರ್ಟಿಗೆ ಮುಂಚೆಯೇ ಪೆಟ್ರೋಲ್ ಬೆರೆಸುವ ಎಂಜಿನ್ನಿನಲ್ಲಿ ಇನ್ನೊಂದು ಹಾನಿಯೂ ಸೇರುತ್ತದೆ: ನಿಧಾನದ ಗಾಳಿ ಪೆಟ್ರೋಲನ್ನು ಹೊತ್ತು ಸಾಗಿಸಲಾರದು, ಹನಿಗಳು ಪೋರ್ಟಿನ ಗೋಡೆಗೆ ಅಂಟಿಕೊಳ್ಳುತ್ತವೆ.

ಇಷ್ಟು ಗೊತ್ತಿದ್ದೂ ಎಷ್ಟೋ ವಿಡಿಯೊಗಳಲ್ಲಿ ಗ್ರೈಂಡರ್ ಹಿಡಿದವರು ಮೊದಲು ಕೈ ಹಾಕುವುದು ಗಾಳಿ ಹಂಚುವ ಕೊಳವೆಗೂಡಾದ ಮ್ಯಾನಿಫೋಲ್ಡ್ ಕಡೆಯ ಪೋರ್ಟ್ ಬಾಯಿಗೆ. ಕಾರಣ ಸರಳ. ಆ ಜಾಗ ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ, ಕ್ಯಾಮೆರಾದಲ್ಲಿ ಚೆನ್ನಾಗಿ ಹೊಳೆಯುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ. ಅದನ್ನು ನೋಡಿ ಕಲಿಯುವ ಹುಡುಗ ತನ್ನಲ್ಲಿದ್ದ ಒಂದೇ ಜೋಡಿ ಹೆಡ್ಡನ್ನು ಕೆಡಿಸಿಕೊಳ್ಳುತ್ತಾನೆ. ಕೊರೆದ ಕಬ್ಬಿಣವನ್ನು ಮರಳಿ ಅಂಟಿಸಲು ಬರುವುದಿಲ್ಲ.

ಇನ್ನು ಯಾವ ಹೆಡ್? 1987ರಿಂದ 1995ರವರೆಗಿನ 350 ಟ್ರಕ್ಕುಗಳಲ್ಲಿ ಸಾಮಾನ್ಯವಾಗಿ ಕಾಣುವುದು 193 ಎಂದು ಕೊನೆಗೊಳ್ಳುವ ಎರಕದ ಸಂಖ್ಯೆಯ ಹೆಡ್. ಅದರ ಇಂಟೇಕ್ (ಗಾಳಿ ಒಳಬರುವ) ಪೋರ್ಟಿನಲ್ಲಿ ಗಾಳಿಯನ್ನು ಸುಳಿ ತಿರುಗಿಸುವ ಒಂದು ದಿಬ್ಬವಿದೆ. ಕೆಳ ವೇಗದಲ್ಲಿ ಮಿಶ್ರಣ ಚೆನ್ನಾಗಿ ಬೆರೆತು ಬೇಗ ಉರಿಯಲಿ ಎಂಬುದು ಅದರ ಉದ್ದೇಶ. 4000 ಆರ್‌ಪಿಎಂ ಹತ್ತಿರ ಬರುವ ಹೊತ್ತಿಗೆ ಅದೇ ದಿಬ್ಬ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ದಿಬ್ಬ ಕತ್ತರಿಸಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಂಪನಿ ಕೊಟ್ಟ ಒಂದು ಗುಣವನ್ನು ಕಳೆದುಕೊಂಡು, ಅರೆಬರೆ ಪೋರ್ಟ್ ಪಡೆಯಲು ಗಂಟೆಗಟ್ಟಲೆ ಕಬ್ಬಿಣ ತೇಯುವುದು ಲಾಭದ ಕೆಲಸವಲ್ಲ.

ಅದೇ ಶ್ರಮವನ್ನು ಗುಜರಿಯಲ್ಲಿ ವೋರ್ಟೆಕ್ ಹೆಡ್ ಹುಡುಕಲು ಹಾಕಿ. 1996ರಿಂದ 2000ದವರೆಗಿನ 5.7 ಲೀಟರ್ ಟ್ರಕ್ಕುಗಳ ಹೆಡ್ ಅದು; ವಾಲ್ವ್ ಕವರ್ ಬಿಚ್ಚಿದರೆ ಸಂಖ್ಯೆಯ ಕೊನೆಯಲ್ಲಿ 906 ಅಥವಾ 062 ಇರುತ್ತದೆ. ಸುಮಾರು 170 ಸಿಸಿ ಇಂಟೇಕ್ ಪೋರ್ಟ್, 64 ಸಿಸಿ ದಹನ ಕೋಣೆ, 1.94 ಇಂಚಿನ ಇಂಟೇಕ್ ವಾಲ್ವ್, 1.50 ಇಂಚಿನ ಎಕ್ಸಾಸ್ಟ್ (ಹೊಗೆ ಹೊರಹೋಗುವ) ವಾಲ್ವ್. ಪೋರ್ಟ್ ಚಿಕ್ಕದೇ, ಆದರೆ ಆಕಾರ ಒಳ್ಳೆಯದು. ಹಿಂದಿನ ತಲೆಮಾರಿನ ಟ್ರಕ್ 350 ಸುಮಾರು 210 ಅಶ್ವಶಕ್ತಿ ಕೊಡುತ್ತಿದ್ದಲ್ಲಿ ವೋರ್ಟೆಕ್ 350 ಸುಮಾರು 250 ಕೊಟ್ಟಿತು. ಎಲ್ಲ ಶ್ರೇಯಸ್ಸೂ ಹೆಡ್ಡಿನದಲ್ಲ, ಹೊಸ ಇಂಜೆಕ್ಷನ್ ಮತ್ತು ರೋಲರ್ ಕ್ಯಾಮ್ (ವಾಲ್ವ್ ತೆರೆಯುವ ಉಬ್ಬುಗಳಿರುವ ದಂಡ) ಪಾಲೂ ಅದರಲ್ಲಿದೆ. ಆದರೂ ಇದು ಕಾರ್ಖಾನೆಯಿಂದಲೇ ಪೋರ್ಟ್ ಕೆಲಸ ಮುಗಿಸಿಕೊಂಡು ಬಂದ ಹೆಡ್ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಇದರ ದೊಡ್ಡ ದೋಷ ಬಿರುಕು. ಎರಕ ತೆಳು, ಒಮ್ಮೆ ಎಂಜಿನ್ ಅತಿಯಾಗಿ ಕಾದರೆ ಸೀಟುಗಳ ಸುತ್ತ ಸೀಳು ಬಿಡುತ್ತದೆ. ಆದ್ದರಿಂದ ಮೊದಲ ಖರ್ಚು ಹೆಡ್ ತೊಳೆಸಿ ಮ್ಯಾಗ್ನಾಫ್ಲಕ್ಸ್ ಮಾಡಿಸುವುದು. ಕಬ್ಬಿಣವನ್ನು ಕಾಂತೀಯಗೊಳಿಸಿ ಪುಡಿ ಉದುರಿಸಿದರೆ ಬಿರುಕಿನ ಗೆರೆಯ ಮೇಲೆ ಪುಡಿ ಕೂಡಿಕೊಳ್ಳುತ್ತದೆ. ಈ ಪರೀಕ್ಷೆಗೆ ಮುಂಚೆ ಗ್ರೈಂಡರಿಗೆ ಪ್ಲಗ್ ಕೂಡ ಹಾಕಬೇಡಿ. ಬಿರುಕು ಕಂಡರೆ ಬೆಸುಗೆಗೆ ಹಣ ಸುರಿಯದೆ ಬೇರೆ ಹೆಡ್ ಹುಡುಕಿ.

ಹೆಡ್ ಪಾಸಾಯಿತು ಎನ್ನೋಣ. ಈಗ ಕೈಕೆಲಸ. ಗ್ರೈಂಡರ್ ಹೋಗಬೇಕಾದ ಜಾಗ ಸೀಟಿನ ಕೆಳಗಿನ ಬೌಲ್, ಅಂದರೆ ಬಟ್ಟಲಿನಂಥ ಕುಳಿ. ಕಾರ್ಖಾನೆಯಲ್ಲಿ ಸೀಟ್ ಕತ್ತರಿಸುವ ಕಟರ್ ಒಂದು ಮಟ್ಟಕ್ಕೆ ಇಳಿದು ನಿಂತುಬಿಡುತ್ತದೆ. ಅಲ್ಲಿಂದ ಕೆಳಗೆ ಒರಟು ಎರಕ. ಎರಡೂ ಸೇರುವಲ್ಲಿ ಚೂಪಾದ ಅಂಚು ಉಳಿಯುತ್ತದೆ. ವಾಲ್ವ್ ಸುತ್ತ ತಿರುಗಲು ಹೊರಟ ಗಾಳಿ ಈ ಅಂಚಿಗೆ ಬಡಿದು ಚದುರುತ್ತದೆ. ಆ ಅಂಚನ್ನು ಬೌಲಿಗೆ ನಯವಾಗಿ ಬೆರೆಸಿ, ಅಷ್ಟೇ. ಸೀಟಿನ ಕೆಳಗಿನ ಗಂಟಲು ವಾಲ್ವ್ ವ್ಯಾಸದ ಶೇಕಡ 88ರ ಆಸುಪಾಸಿನಲ್ಲಿ ನಿಲ್ಲಲಿ, 1.94 ಇಂಚಿನ ವಾಲ್ವಿಗೆ ಅದು ಸುಮಾರು 1.7 ಇಂಚು. ಪೋರ್ಟಿನ ನೆಲ ಬೌಲಿಗೆ ತಿರುಗುವ ಒಳ ಬಾಗನ್ನು ಮರಳುಕಾಗದದಿಂದ ಸವರಿ ಬಿಡಿ. ಅದನ್ನು ತಗ್ಗಿಸಿದರೆ ಗಾಳಿ ಆ ತಿರುವಿನಲ್ಲಿ ನೆಲ ಬಿಟ್ಟು ಹಾರುತ್ತದೆ, ಹರಿವು ಇದ್ದುದಕ್ಕಿಂತ ಕಡಿಮೆಯಾಗುತ್ತದೆ. ಇಂಟೇಕ್ ಕಡೆ ಕನ್ನಡಿ ಹೊಳಪು ಬೇಡ. 80 ನಂಬರಿನ ಕಾಗದದ ಒರಟುತನ ಸಾಕು. ಎಕ್ಸಾಸ್ಟ್ ಕಡೆ ಬೇಕಾದರೆ ನಯ ಮಾಡಿ, ಮಸಿ ಕಡಿಮೆ ಹಿಡಿಯುತ್ತದೆ.

ಉಳಿದ ಹಣ ಮೆಷಿನ್ ಶಾಪಿಗೆ ಹೋಗಬೇಕು. ನಮ್ಮ ಲಾರಿ ಗ್ಯಾರೇಜುಗಳಲ್ಲಿ ಸೀಟ್ ಕಟಿಂಗ್, ಲ್ಯಾಪಿಂಗ್ ಎನ್ನುವ ಕೆಲಸವನ್ನು ಕಂಡವರಿಗೆ ಇದು ಹೊಸದಲ್ಲ. ಅದನ್ನೇ ಮೂರು ಕೋನಗಳಲ್ಲಿ ಮಾಡಿಸಿ: ಸೀಟ್ 45 ಡಿಗ್ರಿ, ಮೇಲೆ 30, ಕೆಳಗೆ 60. ಇಂಟೇಕ್ ಸೀಟಿನ ಅಗಲ ಸುಮಾರು ಒಂದೂವರೆ ಮಿಲಿಮೀಟರ್, ಎಕ್ಸಾಸ್ಟ್ ಸೀಟಿನದು ಸುಮಾರು ಎರಡು. ಎಕ್ಸಾಸ್ಟ್ ವಾಲ್ವಿನ ಬಿಸಿಯ ಬಹುಪಾಲು ಸೀಟಿನ ಮೂಲಕವೇ ಹೆಡ್ಡಿಗೆ ಇಳಿಯುತ್ತದೆ. ರೇಸಿನವರನ್ನು ನೋಡಿ ಅದನ್ನು ಕಿರಿದು ಮಾಡಿಸಿದರೆ ಭಾರ ಎಳೆಯುವ ಟ್ರಕ್ಕಿನಲ್ಲಿ ವಾಲ್ವ್ ಸುಟ್ಟುಹೋಗುತ್ತದೆ. ಗೈಡ್, ಅಂದರೆ ವಾಲ್ವಿನ ಕಡ್ಡಿ ಜಾರುವ ಕೊಳವೆ, ಸಡಿಲವಿದ್ದರೆ ಮೊದಲು ಅದನ್ನು ಸರಿಪಡಿಸಿ. ವಾಲ್ವ್ ಅಲ್ಲಾಡುತ್ತಿದ್ದರೆ ಎಂಥ ಸೀಟೂ ಹೆಚ್ಚು ದಿನ ಬಾಳುವುದಿಲ್ಲ. ಇಂಟೇಕ್ ವಾಲ್ವಿನ ಹಿಂಬದಿಗೆ 30 ಡಿಗ್ರಿಯ ಇನ್ನೊಂದು ಕೋನ ಕೊಡಿಸುವುದು ಚಿಕ್ಕ ಖರ್ಚು. ವಾಲ್ವ್ ಆಗಷ್ಟೇ ತೆರೆಯುವ ಹೊತ್ತಿನಲ್ಲಿ ಹರಿವು ಹೆಚ್ಚುತ್ತದೆ, ಟ್ರಕ್ಕಿಗೆ ಬೇಕಾದದ್ದೂ ಅದೇ.

ಕಂಪನಿ ಸೀಟುಗಳ ಮೇಲ್ಪದರವನ್ನಷ್ಟೇ ಕಾಯಿಸಿ ಗಡಸು ಮಾಡಿರುತ್ತದೆ. ಅಮೆರಿಕದಲ್ಲಿ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ 1996ರಲ್ಲಿ ಪೂರ್ತಿ ನಿಷೇಧವಾಯಿತು. ಸೀಟಿಗೆ ಸೀಸದ ರಕ್ಷಣೆ ಈಗಿಲ್ಲ. ಆಗಲೇ ಆಳವಾಗಿ ಕತ್ತರಿಸಿರುವ ಹೆಡ್ಡಿನಲ್ಲಿ ಆ ಗಡಸು ಪದರ ಸವೆದುಹೋಗಿದ್ದರೆ ಎಕ್ಸಾಸ್ಟ್ ಕಡೆಗೆ ಗಟ್ಟಿ ಸೀಟ್ ರಿಂಗ್ ಕೂರಿಸಲೇಬೇಕು.

ಕ್ಯಾಮ್ ಬದಲಿಸುವವರು ಕೇಳಿ. ವೋರ್ಟೆಕ್ ಹೆಡ್ಡಿನಲ್ಲಿ ವಾಲ್ವ್ ಲಿಫ್ಟ್ (ವಾಲ್ವ್ ತೆರೆಯುವ ದೂರ) 0.460 ಇಂಚು ದಾಟುತ್ತಿದ್ದಂತೆ ಸ್ಪ್ರಿಂಗನ್ನು ಹಿಡಿಯುವ ರಿಟೇನರ್ ಗೈಡಿನ ಸೀಲಿಗೆ ತಾಗುವ ಅಪಾಯ ಶುರುವಾಗುತ್ತದೆ. ಗೈಡ್ ತಲೆ ಕತ್ತರಿಸಿ ಹೊಸ ಸ್ಪ್ರಿಂಗ್ ಹಾಕಿಸಬಹುದು, ಆದರೆ ಬಜೆಟ್ ಟ್ರಕ್ಕಿಗೆ ಆ ಮಿತಿಯೊಳಗಿನ ಕ್ಯಾಮೇ ಸರಿ ಎಂಬುದು ನನ್ನ ನಿಲುವು.

ಫೇಸಿಂಗ್, ಅಂದರೆ ಹೆಡ್ಡಿನ ತಳವನ್ನು ತೇಯಿಸಿ ಸಮ ಮಾಡಿಸುವುದರ ಬಗ್ಗೆಯೂ ಎಚ್ಚರವಿರಲಿ. 0.006ರಿಂದ 0.007 ಇಂಚು ತೆಗೆದರೆ ದಹನ ಕೋಣೆ ಸುಮಾರು ಒಂದು ಸಿಸಿ ಕಿರಿದಾಗುತ್ತದೆ. 0.030 ಇಂಚು ತೆಗೆಸಿದರೆ 9.4 ಇದ್ದ ಕಂಪ್ರೆಶನ್ ಅನುಪಾತ 9.9ರ ಹತ್ತಿರ ಹೋಗುತ್ತದೆ. ಬಿಸಿಲಲ್ಲಿ ಟ್ರೇಲರ್ ಎಳೆಯುತ್ತ ಅಮೆರಿಕದ ಸಾಮಾನ್ಯ 87 ಆಕ್ಟೇನ್ ಪೆಟ್ರೋಲ್ ಕುಡಿಸುವ ಗಾಡಿಗೆ ಅದು ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಬಡಿಯುವುದು) ತರುವ ಆಟ. ಮ್ಯಾನಿಫೋಲ್ಡ್ ಬೋಲ್ಟುಗಳೂ ಸರಿಯಾಗಿ ಕೂರದೆ ಹೋಗಬಹುದು. ಮೇಲ್ಮೈ ಸಮ ಆಗುವಷ್ಟು ಮಾತ್ರ ತೆಗೆಸಿ.

ಲೆಕ್ಕ ಹಾಕುವಾಗ ಒಂದನ್ನು ಮರೆಯಬೇಡಿ: ವೋರ್ಟೆಕ್ ಹೆಡ್ಡಿಗೆ ಎಂಟು ಬೋಲ್ಟಿನ ಬೇರೆಯದೇ ಇಂಟೇಕ್ ಮ್ಯಾನಿಫೋಲ್ಡ್ ಬೇಕು, ಹಳೆಯದು ಕೂರುವುದಿಲ್ಲ. ಕ್ಯಾಲಿಫೋರ್ನಿಯದಲ್ಲಿ ಇರುವವರು 1976 ಮತ್ತು ಅದರ ನಂತರದ ಪೆಟ್ರೋಲ್ ವಾಹನಗಳಿಗೆ ಸ್ಮಾಗ್ (ಹೊಗೆ) ಪರೀಕ್ಷೆ ಇರುವುದನ್ನು ಗಮನದಲ್ಲಿಟ್ಟುಕೊಂಡೇ ಮ್ಯಾನಿಫೋಲ್ಡ್ ಆರಿಸಲಿ.

ಇಷ್ಟಾದ ಮೇಲೂ ಹಣ ಉಳಿದರೆ ಹೆಡ್ಡಿಗೆ ಮತ್ತೆ ಹಾಕಬೇಡಿ, ಹಿಂದಿನ ಆಕ್ಸೆಲ್ ನೋಡಿ. 3.08 ಅನುಪಾತದ ಗೇರ್ ಇರುವ ಟ್ರಕ್ಕಿಗೆ 3.73 ಹಾಕಿಸಿದರೆ ಚಕ್ರಕ್ಕೆ ತಲುಪುವ ಟಾರ್ಕ್ ಎಲ್ಲ ವೇಗದಲ್ಲೂ ಶೇಕಡ 21ರಷ್ಟು ಹೆಚ್ಚುತ್ತದೆ. ಯಾವ ಪೋರ್ಟ್ ಕೆಲಸವೂ 2000 ಆರ್‌ಪಿಎಂನಲ್ಲಿ ಅಷ್ಟು ಕೊಡಲಾರದು. ಹೆದ್ದಾರಿಯಲ್ಲಿ ಎಂಜಿನ್ ಅಷ್ಟೇ ಹೆಚ್ಚು ತಿರುಗುವುದರಿಂದ, ಹೆಚ್ಚಾಗಿ ಖಾಲಿ ಗಾಡಿ ಓಡಿಸುವವರು 3.42ಕ್ಕೆ ನಿಲ್ಲುವುದು ಒಳ್ಳೆಯದು.