ಫಾರಿನ್‌ಗೆ ಹೊರಟ್ರೆ ಮಾತ್ರೆ ಎಲ್ಲಿಡ್ತೀರಾ?

ಕೇಳುಗರಿಗೆಲ್ಲಾ ನಮಸ್ಕಾರ. ಮೈಸೂರಿನ ಕೆ.ಆರ್. ಆಸ್ಪತ್ರೇಲೋ ಮಂಡ್ಯದ ಮಿಮ್ಸಲ್ಲೋ ಎಆರ್‌ಟಿ, ಅಂದ್ರೆ ವೈರಸ್‌ನ ಹತೋಟೀಲಿಡೋ ಮಾತ್ರೆ ತಗೊಂಡು ಎಚ್‌ಐವಿ ಜೊತೆ ಆರಾಮಾಗಿರೋರು ಈಗ ಮಗಳ ಬಾಣಂತನ ಅಂತ ಅಮೆರಿಕಾಗೂ ಹೋಗ್ಬರ್ತಾರೆ. ಹೋಗ್ಲಿ ಬಿಡಿ, ಯಾಕೆ ಹೋಗ್ಬಾರ್ದು? ಒಂದ್ಕಾಲದಲ್ಲಿ ಎಚ್‌ಐವಿ ಇರೋರನ್ನ ಅಮೆರಿಕಾದೋರು ಒಳಗೇ ಬಿಡ್ತಿರ್ಲಿಲ್ಲ, ಆ ರೂಲ್ಸು 2010ರ ಜನವರೀಲಿ ಹೋಯ್ತು. ಗಲ್ಫ್‌ಗೆ ಕೆಲ್ಸಕ್ಕೆ ಹೋಗೋರ ಕತೆ ಬೇರೆ, ಅಲ್ಲಿ ಕೆಲಸದ ವೀಸಾಗೆ ರಕ್ತ ಪರೀಕ್ಷೆ ಮಾಡ್ತಾರೆ, ಪಾಸಿಟಿವ್ ಬಂದ್ರೆ ವೀಸಾ ಇಲ್ಲ, ಹಾಗಾಗಿ ಏಜೆಂಟ್ ಮಾತು ಕೇಳ್ಕೊಂಡು ಚಿನ್ನ ಅಡ ಇಡೋಕ್ಮುಂಚೆ ವಿಚಾರಿಸ್ಕೊಳ್ಳಿ.

ನಮ್ಮೋರು ಮಾಡೋ ಒಂದು ಕೆಲಸ ಇದೆ ನೋಡಿ. ಜೊತೇಲಿರೋರು ನೋಡ್ಬಿಟ್ರೆ ಅಂತ ಡಬ್ಬಿ ಮೇಲಿನ ಲೇಬಲ್ ಕಿತ್ತಾಕಿ ಮಾತ್ರೇನೆಲ್ಲಾ ವಿಟಮಿನ್ ಡಬ್ಬಿಗೆ ಸುರ್ಕೊಂಡು ದೊಡ್ಡ ಸೂಟ್‌ಕೇಸ್ ತಳಕ್ಕೆ ತುರ್ಕ್ತಾರೆ. ಸೂಟ್‌ಕೇಸ್ ಕಳೆದ್ರೆ ಮುಗೀತು, ಕಸ್ಟಮ್ಸ್‌ನೋರು ಹೆಸ್ರಿಲ್ದಿರೋ ಮಾತ್ರೆ ಕಂಡ್ರೆ ಪ್ರಶ್ನೆ ಬೇರೆ. ಮಾತ್ರೆ ಅದರದೇ ಡಬ್ಬೀಲಿ, ಕೈಯಲ್ಲಿ ಹಿಡ್ಕೊಂಡೋಗೋ ಬ್ಯಾಗಲ್ಲೇ ಇರ್ಲಿ, ಫ್ಲೈಟ್ ತಡ ಆದ್ರೂ ಆಗ್ಬೇಕಲ್ವಾ, ಒಂದೆರಡು ವಾರದ್ದು ಜಾಸ್ತೀನೇ ಇಟ್ಕೊಳ್ಳಿ, ಟಿಕೆಟ್ ತೋರ್ಸಿ ಮಾತ್ರೆ ಕೊಡೋ ಎಆರ್‌ಟಿ ಸೆಂಟರಲ್ಲಿ ಮೊದ್ಲೇ ಕೇಳಿ. ಡಾಕ್ಟರ್ ಹತ್ರ ಒಂದು ಚೀಟಿ ಬರೆಸ್ಕೊಳ್ಳಿ, ಅದ್ರಲ್ಲಿ ಮಾತ್ರೆ ಹೆಸ್ರು, ದಿನಾ ತಗೋಬೇಕು ಅಂತಿದ್ರೆ ಸಾಕು, ಕಾಯಿಲೆ ಹೆಸ್ರು ಬೇಕಾಗಿಲ್ಲ.

ಟೈಮ್ ಬಗ್ಗೆ ಸುಮ್ನೆ ತಲೆ ಕೆಡಿಸ್ಕೋತೀರಾ. ಇಲ್ಲಿ ಬೆಳಿಗ್ಗೆ ಎಂಟು ಅಂದ್ರೆ ನ್ಯೂಯಾರ್ಕಲ್ಲಿ ಹಿಂದಿನ ರಾತ್ರಿ ಮಲ್ಗೋ ಹೊತ್ತು, ದಿನಕ್ಕೊಂದೇ ಮಾತ್ರೆಯೋರು ಅಲ್ಲಿ ಮಲ್ಗೋಕ್ಮುಂಚೆ ನುಂಗಿದ್ರಾಯ್ತು. ಆದ್ರೆ ಡೊಲುಟೆಗ್ರಾವಿರ್ ಅನ್ನೋ ಎಚ್‌ಐವಿ ಔಷಧಿ ಇರೋ ಮಾತ್ರೆ ತಗೊಳ್ಳೋರು ವಿಮಾನದ ಊಟಕ್ಕೆ ಎದೆ ಉರೀತು ಅಂತ ಆಂಟಾಸಿಡ್ ಸಿರಪ್ ಕುಡ್ದುಬಿಟ್ರೆ ಮಾತ್ರೆ ಮೈಗೆ ಸರ್ಯಾಗಿ ಹತ್ತಲ್ಲ. ಮಾತ್ರೆ ತಗೊಂಡು ಎರಡು ಗಂಟೆ ಬಿಟ್ಟು ಸಿರಪ್ ಕುಡೀರಿ, ಸಿರಪ್ ಮೊದ್ಲು ಕುಡಿದಿದ್ರೆ ಆರು ಗಂಟೆ ಕಾಯಿರಿ.

ಇನ್ನು ಕೀನ್ಯಾ, ಉಗಾಂಡಾ ಕಡೆ ಹೋಗೋರು. ಅಲ್ಲಿಗೆ ಯೆಲ್ಲೋ ಫೀವರ್ ಲಸಿಕೆ ಬೇಕು, ಇಲ್ದಿದ್ರೆ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಲ್ಲೇ ಕ್ವಾರಂಟೈನ್‌ಗೆ ಹಾಕಬೋದು. ಅದು ಜೀವಂತ ವೈರಸ್‌ನ ಲಸಿಕೆ, ಸಿಡಿ4, ಅಂದ್ರೆ ರಕ್ತದಲ್ಲಿ ರೋಗದ ಜೊತೆ ಹೋರಾಡೋ ಕಣಗಳ ಲೆಕ್ಕ, 200ಕ್ಕಿಂತ ಕಮ್ಮಿ ಇದ್ರೆ ಕೊಡಲ್ಲ. ಇತ್ತೀಚಿನ ರಿಪೋರ್ಟ್ ಹಿಡ್ಕೊಂಡು ನಿಮ್ಮ ಡಾಕ್ಟರನ್ನ ಮೊದ್ಲು ನೋಡಿ, ಲಸಿಕೆ ಹಾಕ್ಸಿ ಹತ್ತು ದಿನ ಆದ್ಮೇಲೇನೇ ಸರ್ಟಿಫಿಕೇಟ್ ಲೆಕ್ಕಕ್ಕೆ ಬರೋದು, ಹಿಂದಿನ ದಿನ ಓಡೋಗಿ ಪ್ರಯೋಜನ ಇಲ್ಲ. ಸೆಂಟರ್‌ಗೆ ಹೋಗೋಕೆ ಆಗ್ದೋರು ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಕಟ್ ಆಗಲ್ಲ.